ಕಾರ್ಪಲ್ ಟನಲ್ ಸಿಂಡ್ರೋಮ್: ಯಾವ ಶಸ್ತ್ರಚಿಕಿತ್ಸೆ, ಯಾರಿಗೆ, ಯಾವಾಗ?

ನಡುರಾತ್ರಿ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ. ಹೆಬ್ಬೆರಳಿನಿಂದ ನಡುಬೆರಳಿನವರೆಗೆ ಸೂಜಿ ಚುಚ್ಚಿದಂಥ ಉರಿ. ಎದ್ದು ಕುಳಿತು ಕೈ ಕೊಡವಿದರೆ, ಮಂಚದಿಂದ ಕೆಳಗೆ ಇಳಿಬಿಟ್ಟರೆ ಕೆಲವು ನಿಮಿಷಗಳಲ್ಲಿ ಸರಿಹೋಗುತ್ತದೆ. ಮರುದಿನ ರಾತ್ರಿ ಮತ್ತೆ ಅದೇ ಕಥೆ. ಮನೆಯವರು ರಕ್ತಸಂಚಾರ ಸರಿಯಿಲ್ಲ ಎನ್ನುತ್ತಾರೆ, ನೆರೆಯವರು ವಾಯು ಎನ್ನುತ್ತಾರೆ, ಔಷಧದ ಅಂಗಡಿಯಲ್ಲಿ ಬಿ-ಕಾಂಪ್ಲೆಕ್ಸ್ ಮಾತ್ರೆ ಸಿಗುತ್ತದೆ. ಹೀಗೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆಯುತ್ತವೆ. ಕಾಫಿಯ ಲೋಟ ಕೈಯಿಂದ ಜಾರಿದಾಗ, ಅಂಗಿಯ ಗುಂಡಿ ಹಾಕಲು ಬಾರದಾದಾಗ ಮೂಳೆ ವೈದ್ಯರ ಕೊಠಡಿಯ ಮುಂದೆ ಸರದಿ. ಅಲ್ಲಿ ಕೇಳಿಬರುವ ಹೆಸರು ಕಾರ್ಪಲ್ ಟನಲ್ ಸಿಂಡ್ರೋಮ್. ಅದರ ಬೆನ್ನಿಗೇ ಬರುವ ಮಾತು, "ಒಂದು ಸಣ್ಣ ಆಪರೇಷನ್ ಮಾಡಿದರೆ ಸರಿಹೋಗುತ್ತದೆ".

ಆ ಸಣ್ಣ ಆಪರೇಷನ್ ಒಂದೇ ಬಗೆಯದಲ್ಲ ಎಂಬುದು ರೋಗಿಗೆ ತಿಳಿಯುವುದು ಎರಡನೆಯ ವೈದ್ಯರನ್ನು ಕಂಡ ಮೇಲೆ. ಒಬ್ಬರು ಅಂಗೈಯನ್ನು ತೆರೆದು ಮಾಡುತ್ತೇವೆ ಎನ್ನುತ್ತಾರೆ. ಇನ್ನೊಬ್ಬರು ಎಂಡೋಸ್ಕೋಪಿಯ ಮೂಲಕ, ಕಲೆಯೇ ಉಳಿಯದಂತೆ ಮಾಡುತ್ತೇವೆ ಎನ್ನುತ್ತಾರೆ. ಮೂರನೆಯವರು ಅಲ್ಟ್ರಾಸೌಂಡ್ ನೋಡಿಕೊಂಡು ಹೊಲಿಗೆಯೇ ಇಲ್ಲದೆ ಮಾಡುವ ವಿಧಾನ ಬಂದಿದೆ ಎನ್ನುತ್ತಾರೆ. ವೆಚ್ಚದಲ್ಲಿ ಅಂತರವಿರುತ್ತದೆ. ಫಲಿತಾಂಶದಲ್ಲಿಯೂ ಅಷ್ಟೇ ಅಂತರವಿದೆಯೇ ಎಂಬುದೇ ಈ ಬರಹದ ಪ್ರಶ್ನೆ.

ಇಕ್ಕಟ್ಟಾದ ಸುರಂಗ

ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳು ದೋಣಿಯ ಆಕಾರದಲ್ಲಿ ಜೋಡಣೆಗೊಂಡಿವೆ. ಈ ದೋಣಿಯ ಮೇಲೆ, ಅಂಗೈಯ ಕಡೆಯಿಂದ, ಗಟ್ಟಿಯಾದ ನಾರುಪಟ್ಟಿಯೊಂದು ಅಡ್ಡಲಾಗಿ ಹಾಸಿರುತ್ತದೆ. ಮೂಳೆ ನೆಲ, ನಾರುಪಟ್ಟಿ ಸೂರು. ನಡುವಿನ ಕಿಂಡಿಯೇ ಕಾರ್ಪಲ್ ಟನಲ್. ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ನರವೂ ಇದರೊಳಗೆ ಒತ್ತೊತ್ತಾಗಿ ಸಾಗುತ್ತವೆ. ರಜ್ಜುಗಳ ಹೊದಿಕೆ ತುಸು ಊದಿಕೊಂಡರೂ ಒತ್ತಡ ಬೀಳುವುದು ಎಲ್ಲಕ್ಕಿಂತ ಮೃದುವಾದ ನರದ ಮೇಲೆ.

1981ರಲ್ಲಿ ಅಮೆರಿಕದ ಶಸ್ತ್ರವೈದ್ಯ ರಿಚರ್ಡ್ ಗೆಲ್ಬರ್ಮನ್ ಮತ್ತು ಸಂಗಡಿಗರು ಸುರಂಗದೊಳಗೆ ಸೂಕ್ಷ್ಮ ನಳಿಕೆ ಇಳಿಸಿ ಒತ್ತಡವನ್ನು ಅಳೆದರು. ಆರೋಗ್ಯವಂತರಲ್ಲಿ ಕೈ ನೇರವಾಗಿದ್ದಾಗ ಸರಾಸರಿ 2.5 ಮಿ.ಮೀ. ಪಾದರಸದಷ್ಟಿದ್ದ ಒತ್ತಡ ರೋಗಿಗಳಲ್ಲಿ 32ರಷ್ಟಿತ್ತು. ಮಣಿಕಟ್ಟನ್ನು ಬಾಗಿಸಿದಾಗ ಅದು 90 ದಾಟಿತು. ನಿದ್ದೆಯಲ್ಲಿ ಕೈಯನ್ನು ಗಲ್ಲದಡಿ ಮಡಚಿಟ್ಟು ಮಲಗುವವರಿಗೆ ರಾತ್ರಿಯೇ ಏಕೆ ಹಿಂಸೆ ಎಂಬುದಕ್ಕೆ ಈ ಅಂಕಿಯೇ ಉತ್ತರ.

ಮೀಡಿಯನ್ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಹಾಗೂ ಉಂಗುರದ ಬೆರಳಿನ ಅರ್ಧಕ್ಕೆ ಸ್ಪರ್ಶಜ್ಞಾನ ಒದಗಿಸುತ್ತದೆ. ಕಿರುಬೆರಳು ಇದರ ವ್ಯಾಪ್ತಿಯಲ್ಲಿಲ್ಲ. ಕಿರುಬೆರಳೂ ಜೋಮು ಹಿಡಿಯುತ್ತಿದ್ದರೆ ಕಾರಣ ಬೇರೆಡೆ ಇರಬಹುದು: ಕುತ್ತಿಗೆಯ ಡಿಸ್ಕ್, ಮೊಣಕೈ ಬಳಿಯ ಅಲ್ನಾರ್ ನರ, ಮಧುಮೇಹದ ನರದೌರ್ಬಲ್ಯ. ನಮ್ಮ ದೇಶದಲ್ಲಿ ಕುಷ್ಠರೋಗವನ್ನೂ ಈ ಪಟ್ಟಿಯಿಂದ ಬಿಡುವಂತಿಲ್ಲ. ಹೆಬ್ಬೆರಳಿನ ಬುಡದ ಉಬ್ಬಿನಲ್ಲಿರುವ ಸ್ನಾಯುಗಳಿಗೆ ಚಾಲನೆ ನೀಡುವುದೂ ಇದೇ ನರ. ಹೆಬ್ಬೆರಳನ್ನು ಎತ್ತಿ ಬೇರೆ ಬೆರಳುಗಳಿಗೆ ಎದುರಾಗಿ ತರುವ ಕೆಲಸ ಈ ಸ್ನಾಯುಗಳದು. ಮನುಷ್ಯನ ಕೈ ಕೈಯಾಗಿರುವುದು ಅದರಿಂದಲೇ.

ಮಹಿಳೆಯರಲ್ಲಿ, ಅದರಲ್ಲೂ ನಡುವಯಸ್ಸಿನವರಲ್ಲಿ ರೋಗ ಹೆಚ್ಚು. ಮಧುಮೇಹ, ಥೈರಾಯ್ಡ್ ಕೊರತೆ, ಸಂಧಿವಾತ, ಸ್ಥೂಲಕಾಯ, ಗರ್ಭಧಾರಣೆ, ದೀರ್ಘಕಾಲದ ಡಯಾಲಿಸಿಸ್, ಹಳೆಯ ಮೂಳೆಮುರಿತ ಇವೆಲ್ಲ ಕಾರಣಗಳಾಗಬಲ್ಲವು. ಬಲವಾಗಿ ಹಿಡಿದು ಪದೇ ಪದೇ ಮಾಡುವ ಕೆಲಸ, ಕಂಪಿಸುವ ಯಂತ್ರಗಳ ಬಳಕೆಯೂ ಹೌದು. ಕಂಪ್ಯೂಟರ್ ಕೀಲಿಮಣೆಯನ್ನು ಮಾತ್ರ ಮೊದಲ ಅಪರಾಧಿಯೆಂದು ದೂರುವ ರೂಢಿ ಬೆಂಗಳೂರಿನಲ್ಲಿ ಬೆಳೆದುಬಂದಿದೆ. ಅದಕ್ಕೆ ಇರುವ ಆಧಾರ ಅಷ್ಟೇನೂ ಗಟ್ಟಿಯಲ್ಲ.

ಚಾಕುವಿನ ಮೊದಲು

ರೋಗ ಎಳೆಯದಿರುವಾಗ ಶಸ್ತ್ರಚಿಕಿತ್ಸೆ ಮೊದಲ ಆಯ್ಕೆಯಲ್ಲ. ರಾತ್ರಿ ಮಣಿಕಟ್ಟನ್ನು ನೇರವಾಗಿ ಹಿಡಿದಿಡುವ ಪಟ್ಟಿಯನ್ನು, ಅಂದರೆ ಸ್ಪ್ಲಿಂಟನ್ನು, ಕೆಲವು ವಾರ ಧರಿಸಿ ನೋಡಬೇಕು. ಗರ್ಭಿಣಿಯರಲ್ಲಿ ಹೆರಿಗೆಯ ನಂತರ ತೊಂದರೆ ತಾನಾಗಿ ಇಳಿಯುವುದುಂಟು. ಥೈರಾಯ್ಡ್ ದೋಷಕ್ಕೆ ಮಾತ್ರೆ ಆರಂಭಿಸಿದರೆ ಕೈಯೂ ಹಗುರಾಗಬಹುದು.

ಸುರಂಗದೊಳಗೆ ನೀಡುವ ಸ್ಟಿರಾಯ್ಡ್ ಚುಚ್ಚುಮದ್ದು ಇನ್ನೊಂದು ದಾರಿ. ಹಲವರಿಗೆ ಕೆಲವೇ ದಿನಗಳಲ್ಲಿ ನಿದ್ದೆ ಮರಳುತ್ತದೆ. ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ವಾರಗಳ ಹೊತ್ತಿಗೆ ಚುಚ್ಚುಮದ್ದು ಸ್ಪ್ಲಿಂಟಿಗಿಂತ ಮೇಲಾಗಿತ್ತು. ಆರು ತಿಂಗಳ ಹೊತ್ತಿಗೆ ಎರಡರ ನಡುವೆ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಚುಚ್ಚುಮದ್ದು ಹಲವರಿಗೆ ಬಿಡುವು ಕೊಡುತ್ತದೆ, ಬಿಡುಗಡೆ ಕೊಡುವುದು ಕೆಲವರಿಗೆ ಮಾತ್ರ.

ಶಸ್ತ್ರಚಿಕಿತ್ಸೆಯೊಂದಿಗೆ ಇವುಗಳನ್ನು ನೇರವಾಗಿ ಹೋಲಿಸಿದ ಅಧ್ಯಯನಗಳೂ ಇವೆ. ನೆದರ್ಲೆಂಡ್ಸ್‌ನಲ್ಲಿ 176 ರೋಗಿಗಳ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹದಿನೆಂಟು ತಿಂಗಳ ನಂತರ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ 90, ಸ್ಪ್ಲಿಂಟ್ ಗುಂಪಿನಲ್ಲಿ ಶೇ 75 ಮಂದಿಗೆ ಯಶಸ್ಸು ದೊರೆಯಿತು. ಅದೇ ದೇಶದಿಂದ 2025ರಲ್ಲಿ ಬಂದ, 934 ರೋಗಿಗಳ ದೊಡ್ಡ ಪ್ರಯೋಗ ಶಸ್ತ್ರಚಿಕಿತ್ಸೆಯನ್ನು ಚುಚ್ಚುಮದ್ದಿನೊಂದಿಗೆ ಹೋಲಿಸಿತು. ಹದಿನೆಂಟು ತಿಂಗಳಲ್ಲಿ ಚೇತರಿಸಿಕೊಂಡವರು ಕ್ರಮವಾಗಿ ಶೇ 61 ಮತ್ತು ಶೇ 45. ಶಸ್ತ್ರಚಿಕಿತ್ಸೆ ಮುಂದಿದೆ, ನಿಜ. ಆದರೆ ಚುಚ್ಚುಮದ್ದಿನಿಂದಲೇ ಗುಣಹೊಂದಿದವರ ಸಂಖ್ಯೆ ಕಡೆಗಣಿಸುವಷ್ಟು ಸಣ್ಣದಲ್ಲ.

ಈ ಲೆಕ್ಕಾಚಾರಕ್ಕೆಲ್ಲ ಆಸ್ಪದವಿಲ್ಲದ ಸ್ಥಿತಿಯೂ ಒಂದಿದೆ. ಎರಡೂ ಅಂಗೈಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಹೆಬ್ಬೆರಳಿನ ಬುಡದ ಉಬ್ಬು ಒಂದು ಕೈಯಲ್ಲಿ ಚಪ್ಪಟೆಯಾಗಿದ್ದರೆ, ಅಥವಾ ಜೋಮು ಬಂದುಹೋಗುವುದನ್ನು ಬಿಟ್ಟು ಹಗಲೂ ರಾತ್ರಿ ನಿಂತೇಬಿಟ್ಟಿದ್ದರೆ, ನರದ ಎಳೆಗಳು ಸಾಯತೊಡಗಿವೆ ಎಂದರ್ಥ. ವಿಚಿತ್ರವೆಂದರೆ ಈ ಹಂತದಲ್ಲಿ ನೋವು ಕಡಿಮೆಯಾಗುವುದೂ ಉಂಟು. "ನೋವು ಹೋಯಿತು, ಇನ್ನು ಪರವಾಗಿಲ್ಲ" ಎಂದು ರೋಗಿ ಸಮಾಧಾನಪಡುವ ಹೊತ್ತಿಗೆ ಹೆಬ್ಬೆರಳು ಕೈಬಿಡುತ್ತಿರುತ್ತದೆ. ಒಣಗಿದ ಸ್ನಾಯು ಮರಳಿ ತುಂಬಿಕೊಳ್ಳುವ ಭರವಸೆಯನ್ನು ಯಾವ ಶಸ್ತ್ರಚಿಕಿತ್ಸೆಯೂ ಕೊಡಲಾರದು. ವಿಧಾನದ ಆಯ್ಕೆಗಿಂತ ಕಾಲದ ಆಯ್ಕೆ ದೊಡ್ಡದು ಎಂದು ಹೇಳುವುದು ಇದೇ ಕಾರಣಕ್ಕೆ.

ಶಸ್ತ್ರಚಿಕಿತ್ಸೆಗೆ ಮುನ್ನ ನರವಹನ ಪರೀಕ್ಷೆ ಮಾಡಿಸುವುದು ವಾಡಿಕೆ. ವಿದ್ಯುತ್ ಸಂಕೇತ ಮಣಿಕಟ್ಟನ್ನು ದಾಟುವಾಗ ಎಷ್ಟು ನಿಧಾನಿಸುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಮಣಿಕಟ್ಟನ್ನು ಒಂದು ನಿಮಿಷ ಬಾಗಿಸಿ ನೋಡುವ ಫೇಲನ್ ಪರೀಕ್ಷೆ, ನರದ ಮೇಲೆ ಬೆರಳಿನಿಂದ ಬಡಿದು ನೋಡುವ ಟಿನೆಲ್ ಪರೀಕ್ಷೆ, ಸುರಂಗದ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯುವ ಡರ್ಕನ್ ಪರೀಕ್ಷೆ ಇವು ವೈದ್ಯರ ಮೇಜಿನ ಬಳಿಯಲ್ಲೇ ಆಗುವಂಥವು. ಅಲ್ಟ್ರಾಸೌಂಡ್‌ನಲ್ಲಿ ನರ ಊದಿಕೊಂಡಿರುವುದನ್ನು ಕಾಣಬಹುದು.

ಒಂದೇ ಗುರಿ, ಬೇರೆ ಬೇರೆ ಬಾಗಿಲು

ಎಲ್ಲ ವಿಧಾನಗಳಲ್ಲೂ ಮಾಡುವ ಕೆಲಸ ಒಂದೇ: ಸೂರಿನಂತಿರುವ ನಾರುಪಟ್ಟಿಯನ್ನು ಉದ್ದಕ್ಕೂ ಸೀಳುವುದು. ಪಟ್ಟಿಯ ಎರಡು ಅಂಚುಗಳು ದೂರ ಸರಿಯುತ್ತವೆ, ಸುರಂಗ ಅಗಲವಾಗುತ್ತದೆ, ನರ ಉಸಿರಾಡುತ್ತದೆ. ಮುಂದಿನ ವಾರಗಳಲ್ಲಿ ನಡುವಿನ ತೆರಪು ಹೊಸ ಅಂಗಾಂಶದಿಂದ ತುಂಬಿ ಪಟ್ಟಿ ಸಡಿಲವಾಗಿ ಮತ್ತೆ ಕೂಡಿಕೊಳ್ಳುತ್ತದೆ. ಏನನ್ನೂ ತೆಗೆದುಹಾಕುವುದಿಲ್ಲ, ಏನನ್ನೂ ಅಳವಡಿಸುವುದಿಲ್ಲ.

ಈ ಸರಳ ಕೆಲಸಕ್ಕೆ ವೈದ್ಯಲೋಕ ತೆಗೆದುಕೊಂಡ ಕಾಲ ದೀರ್ಘ. ಬ್ರಿಟನ್ನಿನ ಜೇಮ್ಸ್ ಪ್ಯಾಜೆಟ್ ಮಣಿಕಟ್ಟಿನ ಗಾಯದ ನಂತರ ಮೀಡಿಯನ್ ನರ ಒತ್ತಿಹೋದ ರೋಗಿಗಳ ಬಗೆಗೆ ಬರೆದದ್ದು 1854ರಲ್ಲಿ. ಫ್ರಾನ್ಸಿನ ಪಿಯರ್ ಮಾರಿ ಮತ್ತು ಶಾರ್ಲ್ ಫ್ವಾ 1913ರಲ್ಲಿ ಶವಪರೀಕ್ಷೆಯೊಂದರ ಆಧಾರದ ಮೇಲೆ, ನಾರುಪಟ್ಟಿಯನ್ನು ಸೀಳಿದ್ದರೆ ಸ್ನಾಯು ಉಳಿಯುತ್ತಿತ್ತೇನೋ ಎಂದು ಊಹಿಸಿದರು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಜಾರ್ಜ್ ಫೇಲನ್ 1950ರ ದಶಕದಿಂದ ಬರೆದ ಲೇಖನಗಳ ನಂತರವೇ ಈ ರೋಗ ಎಲ್ಲೆಡೆ ಗುರುತಿಗೆ ಬಂತು. ಮೇಲೆ ಹೇಳಿದ ಪರೀಕ್ಷೆಗೆ ಅಂಟಿಕೊಂಡಿರುವುದು ಅವರದೇ ಹೆಸರು.

ತೆರೆದ ಶಸ್ತ್ರಚಿಕಿತ್ಸೆ

ಹಳೆಯ ಪದ್ಧತಿಯಲ್ಲಿ ಅಂಗೈಯ ಮಧ್ಯದಿಂದ ಮಣಿಕಟ್ಟಿನ ಗೆರೆಯನ್ನು ದಾಟಿ ಮುಂಗೈವರೆಗೆ ನಾಲ್ಕಾರು ಸೆಂಟಿಮೀಟರ್ ಉದ್ದದ ಗಾಯ ಮಾಡುತ್ತಿದ್ದರು. ಈಗ ಹೆಚ್ಚಿನ ಕಡೆ ಮಾಡುವುದು ಮಿನಿ ಓಪನ್ ಎಂದು ಕರೆಯುವ ಕಿರುಗಾಯದ ವಿಧಾನ. ಉಂಗುರದ ಬೆರಳಿನ ನೇರಕ್ಕೆ, ಅಂಗೈಯ ಬುಡದಲ್ಲಿ, ಎರಡು ಮೂರು ಸೆಂಟಿಮೀಟರ್ ಸೀಳು. ಮಣಿಕಟ್ಟಿನ ಗೆರೆಯನ್ನು ದಾಟುವುದಿಲ್ಲ.

ಸ್ಥಾನದ ಆಯ್ಕೆಗೆ ಕಾರಣವಿದೆ. ಅಂಗೈಯ ಬುಡಕ್ಕೆ ಸ್ಪರ್ಶ ಕೊಡುವ ಮೀಡಿಯನ್ ನರದ ಕವಲು ಸುರಂಗದೊಳಗೆ ಹೋಗದೆ ಮೇಲಿನಿಂದ ಸಾಗುತ್ತದೆ. ಸೀಳು ಹೆಬ್ಬೆರಳಿನ ಕಡೆಗೆ ಜಾರಿದರೆ ಆ ಕವಲು ಕತ್ತರಿಸಿಹೋಗಿ, ಮುಟ್ಟಿದರೆ ಚುರುಕ್ಕೆನ್ನುವ ನೋವಿನ ಗಂಟು ಉಳಿಯುತ್ತದೆ. ಹೆಬ್ಬೆರಳಿನ ಸ್ನಾಯುಗಳಿಗೆ ಹೋಗುವ ಚಾಲಕ ಕವಲು ಕೆಲವರಲ್ಲಿ ನಾರುಪಟ್ಟಿಯನ್ನೇ ತೂರಿಕೊಂಡು ಹೊರಬರುತ್ತದೆ. ಇಂಥ ಹುಟ್ಟು ವ್ಯತ್ಯಾಸಗಳು ಕಣ್ಣೆದುರಿಗೇ ಕಾಣುವುದು ತೆರೆದ ವಿಧಾನದ ದೊಡ್ಡ ಅನುಕೂಲ. ದುಬಾರಿ ಉಪಕರಣ ಬೇಡ. ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿಯೂ ಮಾಡಬಹುದು. ಸುರಂಗದೊಳಗೆ ಗಂಟು, ಊದಿದ ಹೊದಿಕೆ, ಹಳೆಯ ಮೂಳೆಯ ಚೂರು ಏನಿದ್ದರೂ ಅಲ್ಲೇ ನಿಭಾಯಿಸಬಹುದು.

ಅನನುಕೂಲವಿರುವುದು ಗಾಯದ ಜಾಗದಲ್ಲಿ. ಅಂಗೈಯ ಬುಡ ಎಂದರೆ ನಾವು ಮೇಲೇಳಲು ಊರುವ ಜಾಗ. ಕಲೆ ಕೆಲವು ವಾರ, ಕೆಲವರಲ್ಲಿ ಕೆಲವು ತಿಂಗಳು ನೋಯುತ್ತದೆ.

ಎಂಡೋಸ್ಕೋಪಿ

ಆ ನೋವನ್ನು ತಪ್ಪಿಸುವ ಆಸೆಯಿಂದಲೇ ಹುಟ್ಟಿದ್ದು ಎಂಡೋಸ್ಕೋಪಿ ವಿಧಾನ. 1980ರ ದಶಕದ ಕೊನೆಗೆ ಜಪಾನಿನ ಇಚಿರೊ ಒಕುತ್ಸು ಮತ್ತು ಅಮೆರಿಕದ ಜೇಮ್ಸ್ ಚೌ ಬೇರೆ ಬೇರೆಯಾಗಿ ಇದನ್ನು ರೂಪಿಸಿದರು. ಚೌ ಅವರದು ಎರಡು ರಂಧ್ರಗಳ ವಿಧಾನ: ಒಂದು ಮಣಿಕಟ್ಟಿನಲ್ಲಿ, ಇನ್ನೊಂದು ಅಂಗೈಯಲ್ಲಿ. ಬಳಿಕ ಅಮೆರಿಕದ ಜಾನ್ ಎಜೀ ಮಣಿಕಟ್ಟಿನ ಒಂದೇ ರಂಧ್ರದಿಂದ ಕೆಲಸ ಮುಗಿಸುವ, ಪಿಸ್ತೂಲಿನ ಹಿಡಿಯಂಥ ಉಪಕರಣ ತಂದರು.

ಮಣಿಕಟ್ಟಿನ ಗೆರೆಯಲ್ಲಿ ಒಂದು ಸೆಂಟಿಮೀಟರಿನಷ್ಟು ಗಾಯ ಮಾಡಿ ಕ್ಯಾಮೆರಾ ಇರುವ ನಳಿಕೆಯನ್ನು ಸುರಂಗದೊಳಗೆ ತೂರಿಸುತ್ತಾರೆ. ಪರದೆಯ ಮೇಲೆ ನಾರುಪಟ್ಟಿಯ ಒಳಮೈ ಬಿಳಿಯ ಅಡ್ಡಗೆರೆಗಳಂತೆ ಕಾಣುತ್ತದೆ. ಚಿಕ್ಕ ಅಲಗನ್ನು ಎತ್ತಿ, ಒಳಗಿನಿಂದ ಪಟ್ಟಿಯನ್ನು ಸೀಳಿ ಹೊರಬರುತ್ತಾರೆ. ಅಂಗೈಯ ಚರ್ಮ, ಅದರಡಿಯ ಕೊಬ್ಬು ಹಾಗೆಯೇ ಉಳಿಯುತ್ತವೆ.

ಇಲ್ಲಿ ವೈದ್ಯರು ನೋಡುತ್ತಿರುವುದು ಪರದೆಯನ್ನು. ಚಿತ್ರ ಸ್ಪಷ್ಟವಾಗಿಲ್ಲದಿದ್ದರೆ ಅನುಭವಸ್ಥರು ಅಲ್ಲಿಗೇ ನಿಲ್ಲಿಸಿ ಕೈಯನ್ನು ತೆರೆದು ಮಾಡುತ್ತಾರೆ. ಅದನ್ನು ವೈಫಲ್ಯವೆಂದು ರೋಗಿ ಭಾವಿಸಬೇಕಿಲ್ಲ, ಅದು ವಿವೇಕ. ಒಪ್ಪಿಗೆ ಪತ್ರದಲ್ಲಿ ಈ ಸಾಧ್ಯತೆಯ ಉಲ್ಲೇಖವಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಹಿಂದೆ ಶಸ್ತ್ರಚಿಕಿತ್ಸೆಯಾದ ಕೈ, ಮೂಳೆ ಮುರಿದು ಆಕಾರ ಕೆಟ್ಟ ಮಣಿಕಟ್ಟು, ಸಂಧಿವಾತದಿಂದ ಒಳಹೊದಿಕೆ ದಪ್ಪವಾದ ಕೈ ಇವುಗಳಿಗೆ ಎಂಡೋಸ್ಕೋಪಿ ಅಷ್ಟಾಗಿ ಒಗ್ಗುವುದಿಲ್ಲ.

ಅಲ್ಟ್ರಾಸೌಂಡ್ ಮಾರ್ಗದರ್ಶನ

ಈಚಿನ ಸೇರ್ಪಡೆ ಇದು. ಅಲ್ಟ್ರಾಸೌಂಡ್ ಚಿತ್ರದಲ್ಲಿ ನರ, ರಕ್ತನಾಳ, ನಾರುಪಟ್ಟಿಗಳನ್ನು ನೋಡುತ್ತ, ಅರ್ಧ ಸೆಂಟಿಮೀಟರಿಗೂ ಕಡಿಮೆ ಗಾಯದ ಮೂಲಕ ಸೂಕ್ಷ್ಮ ಅಲಗನ್ನು ಅಥವಾ ಗರಗಸದಂತೆ ಎಳೆಯುವ ದಾರವನ್ನು ಬಳಸಿ ಪಟ್ಟಿಯನ್ನು ಸೀಳುತ್ತಾರೆ. ಹಲವೊಮ್ಮೆ ಹೊಲಿಗೆಯೇ ಬೇಡ. ಆರಂಭದ ವಾರಗಳ ಚೇತರಿಕೆ ಚೆನ್ನಾಗಿದೆಯೆಂದು ವರದಿಗಳಿವೆ. ಆದರೆ ತೆರೆದ ವಿಧಾನಕ್ಕೆ ಇರುವಂಥ ದಶಕಗಳ ದಾಖಲೆ ಇದಕ್ಕಿಲ್ಲ. ಅಲ್ಟ್ರಾಸೌಂಡ್ ಓದುವುದರಲ್ಲಿಯೂ ಕೈಯ ಶಸ್ತ್ರಚಿಕಿತ್ಸೆಯಲ್ಲಿಯೂ ಪಳಗಿದ ವೈದ್ಯರು ಬೇಕು. ಜಾಹೀರಾತಿನಲ್ಲಿ ನೋಡಿ ಹುಡುಕಿಕೊಂಡು ಹೋಗುವ ಚಿಕಿತ್ಸೆ ಇದಲ್ಲ.

ತೂಗಿ ನೋಡಿದಾಗ

ತೆರೆದ ವಿಧಾನ ಮತ್ತು ಎಂಡೋಸ್ಕೋಪಿಗಳನ್ನು ಹೋಲಿಸಿದ ಅಧ್ಯಯನಗಳು ಬೇಕಾದಷ್ಟಿವೆ. ಇವುಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆ 28 ಅಧ್ಯಯನಗಳನ್ನು, 2586 ಕೈಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ರೋಗಲಕ್ಷಣಗಳ ಉಪಶಮನದಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮ. ಎಂಡೋಸ್ಕೋಪಿಯಾದವರು ಸರಾಸರಿ ಎಂಟು ದಿನ ಮುಂಚೆ ಕೆಲಸಕ್ಕೆ ಮರಳಿದರು. ಹಿಡಿತದ ಬಲದಲ್ಲಿಯೂ ತುಸು ಲಾಭ ಕಂಡಿತು. ಗಾಯದ ಕಲೆಯ ತೊಂದರೆ ತೆರೆದ ವಿಧಾನದಲ್ಲಿ ಹೆಚ್ಚು. ತಾತ್ಕಾಲಿಕವಾಗಿ ನರ ಕೆರಳಿ ಜೋಮು ಹೆಚ್ಚುವುದು ಎಂಡೋಸ್ಕೋಪಿಯಲ್ಲಿ ಹೆಚ್ಚು. ಗಂಭೀರ ಅಪಾಯ ಎರಡರಲ್ಲೂ ವಿರಳ.

ಸ್ವೀಡನ್ನಿನ ಇಸಾಮ್ ಅತ್ರೋಶಿ ಮತ್ತು ತಂಡ ಉದ್ಯೋಗದಲ್ಲಿದ್ದ 128 ಮಂದಿಯ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಕುತೂಹಲಕರ. ಮೊದಲ ತಿಂಗಳುಗಳಲ್ಲಿ ಅಂಗೈ ನೋವು ಎಂಡೋಸ್ಕೋಪಿಯವರಿಗೆ ಕಡಿಮೆಯಿತ್ತು, ಆದರೆ ಅಂತರ ಸಣ್ಣದು. ಕೆಲಸಕ್ಕೆ ಮರಳಲು ಎರಡೂ ಗುಂಪಿನವರಿಗೆ ಬೇಕಾದದ್ದು 28 ದಿನ. ಇದೇ ರೋಗಿಗಳನ್ನು ಒಂದು ದಶಕಕ್ಕೂ ಮಿಕ್ಕಿದ ಬಳಿಕ ಮತ್ತೆ ಪರೀಕ್ಷಿಸಿದಾಗಲೂ ಎರಡು ಗುಂಪುಗಳು ಒಂದೇ ಮಟ್ಟದಲ್ಲಿದ್ದವು.

ಹಾಗಾದರೆ ಹೆಚ್ಚಿನ ಹಣ ತೆರುವುದು ಏತಕ್ಕೆ? ಮೊದಲ ಕೆಲವು ವಾರಗಳ ಸುಖಕ್ಕೆ. ದಿನಗೂಲಿಯವರಿಗೆ, ರಜೆ ಸಿಗದ ಗಾರ್ಮೆಂಟ್ಸ್ ಕಾರ್ಮಿಕರಿಗೆ ಒಂದು ವಾರವೂ ಬೆಲೆಬಾಳುತ್ತದೆ. ವಿಪರ್ಯಾಸವೆಂದರೆ ದುಬಾರಿ ವಿಧಾನ ಕೈಗೆಟುಕದಿರುವುದೂ ಅವರಿಗೇ. ಅವರು ಚಿಂತಿಸಬೇಕಿಲ್ಲ. ಅನುಭವವುಳ್ಳ ಕೈಯಿಂದ ಆದ ಕಿರುಗಾಯದ ತೆರೆದ ಶಸ್ತ್ರಚಿಕಿತ್ಸೆ ಎರಡನೆಯ ದರ್ಜೆಯ ಚಿಕಿತ್ಸೆಯಲ್ಲ. ವರ್ಷದ ಕೊನೆಗೆ ಎರಡೂ ಕೈಗಳು ಒಂದೇ. ಎಂಡೋಸ್ಕೋಪಿಯನ್ನು ಅಪರೂಪಕ್ಕೊಮ್ಮೆ ಮಾಡುವವರಿಗಿಂತ ತೆರೆದ ವಿಧಾನವನ್ನು ವಾರವಾರವೂ ಮಾಡುವವರೇ ಮೇಲು.

ಶಸ್ತ್ರಚಿಕಿತ್ಸೆ ಎಷ್ಟು ಸುರಕ್ಷಿತ ಎಂಬುದಕ್ಕೆ ಇಂಗ್ಲೆಂಡಿನ ದಾಖಲೆಗಳು ಉತ್ತರ ಕೊಡುತ್ತವೆ. 1998ರಿಂದ 2017ರವರೆಗೆ ಅಲ್ಲಿ ನಡೆದ ಎಂಟೂವರೆ ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. 90 ದಿನಗಳೊಳಗೆ ಗಂಭೀರ ತೊಡಕು ಕಂಡದ್ದು ಸಾವಿರದಲ್ಲಿ ಒಬ್ಬರಿಗಿಂತಲೂ ಕಡಿಮೆ. ಮತ್ತೆ ಶಸ್ತ್ರಚಿಕಿತ್ಸೆ ಬೇಕಾದವರು ಸುಮಾರು ಶೇ 3.4.

ಎಚ್ಚರವಿದ್ದೇ ಆಪರೇಷನ್

ಅರಿವಳಿಕೆಯ ಪ್ರಶ್ನೆ ಶಸ್ತ್ರಚಿಕಿತ್ಸೆಯಷ್ಟೇ ಮುಖ್ಯ. ಪೂರ್ಣ ಅರಿವಳಿಕೆ ಬಹುಪಾಲು ರೋಗಿಗಳಿಗೆ ಅನಗತ್ಯ. ಕಂಕುಳ ಬಳಿ ನರಗಳಿಗೆ ಮದ್ದು ನೀಡಿ ಇಡೀ ತೋಳನ್ನು ಮರಗಟ್ಟಿಸುವುದು ಒಂದು ರೀತಿ. ರಕ್ತ ಹರಿಯದಂತೆ ತೋಳಿಗೆ ಬಿಗಿಯುವ ಟೂರ್ನಿಕೆ ಪಟ್ಟಿಯ ನೋವನ್ನು ತಾಳಲು ಅದು ನೆರವಾಗುತ್ತದೆ.

ಕೆನಡಾದ ಡೊನಾಲ್ಡ್ ಲಾಲೊಂಡ್ ಪ್ರಚಾರಕ್ಕೆ ತಂದ ವಾಲಂಟ್ ವಿಧಾನದಲ್ಲಿ ಟೂರ್ನಿಕೆಯೇ ಇಲ್ಲ. ಲಿಗ್ನೊಕೇನ್ ಜತೆಗೆ ಅಡ್ರಿನಲಿನ್ ಸೇರಿಸಿ ಅಂಗೈಗೇ ಚುಚ್ಚಿ ಅರ್ಧ ಗಂಟೆ ಕಾಯುತ್ತಾರೆ. ಅಡ್ರಿನಲಿನ್ ರಕ್ತನಾಳಗಳನ್ನು ಕುಗ್ಗಿಸುವುದರಿಂದ ರಕ್ತಸ್ರಾವ ತಾನೇ ಕಡಿಮೆಯಾಗುತ್ತದೆ. ಬೆರಳುಗಳಿಗೆ ಅಡ್ರಿನಲಿನ್ ಕೊಟ್ಟರೆ ಕೊಳೆತುಹೋಗುತ್ತವೆ ಎಂದು ತಲೆಮಾರುಗಳ ಕಾಲ ವೈದ್ಯ ವಿದ್ಯಾರ್ಥಿಗಳಿಗೆ ಬೋಧಿಸಲಾಗಿತ್ತು. ಸರಿಯಾದ ಪ್ರಮಾಣದಲ್ಲಿ ಆ ಭಯಕ್ಕೆ ಆಧಾರವಿಲ್ಲವೆಂದು ಸಾವಿರಾರು ರೋಗಿಗಳಲ್ಲಿ ಸಾಬೀತಾಗಿದೆ. ಹೃದ್ರೋಗ, ರಕ್ತದೊತ್ತಡ, ಮಧುಮೇಹವಿರುವ ಹಿರಿಯರಿಗೆ ಇದು ವರದಾನ. ಉಪವಾಸವಿರಬೇಕಿಲ್ಲ, ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸಬೇಕಿಲ್ಲ, ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗಬಹುದು.

ಬೇಡದ ಸೇರ್ಪಡೆಗಳು

ಪಟ್ಟಿ ಸೀಳುವುದರ ಜತೆಗೆ ನರದ ಹೊದಿಕೆಯನ್ನೂ ಬಿಡಿಸುವುದು, ಒಳಗಿನ ಎಳೆಗಳನ್ನು ಬೇರ್ಪಡಿಸುವುದು, ರಜ್ಜುಗಳ ಹೊದಿಕೆಯನ್ನು ತೆಗೆಯುವುದು ಒಂದು ಕಾಲಕ್ಕೆ ರೂಢಿಯಲ್ಲಿತ್ತು. ಮೊದಲ ಬಾರಿಯ ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿ ಇವುಗಳಿಂದ ಹೆಚ್ಚಿನ ಲಾಭವಿಲ್ಲ. ಅಂದಾಜು ಪಟ್ಟಿಯಲ್ಲಿ ಇಂಥ ಹೆಸರುಗಳು ಕಂಡರೆ ಕಾರಣ ಕೇಳುವ ಹಕ್ಕು ರೋಗಿಗಿದೆ.

ಸ್ನಾಯು ಪೂರ್ತಿ ಒಣಗಿ ಹೆಬ್ಬೆರಳು ಮೇಲೇಳದ ಸ್ಥಿತಿಯಲ್ಲಿ ಮಾತ್ರ ಬೇರೆ ಮಾತು. ಮಣಿಕಟ್ಟಿನ ನಡುವೆ ಕಾಣುವ ಪಾಮಾರಿಸ್ ಲಾಂಗಸ್ ರಜ್ಜುವನ್ನು ಹೆಬ್ಬೆರಳಿಗೆ ತಿರುಗಿಸಿ ಜೋಡಿಸುವ ಕ್ಯಾಮಿಟ್ಜ್ ಶಸ್ತ್ರಚಿಕಿತ್ಸೆಯನ್ನು ಅದೇ ವೇಳೆಗೆ ಮಾಡಬಹುದು. ಕೆಲವರಲ್ಲಿ ಈ ರಜ್ಜು ಹುಟ್ಟಿನಿಂದಲೇ ಇರುವುದಿಲ್ಲ. ಹೆಬ್ಬೆರಳನ್ನೂ ಕಿರುಬೆರಳನ್ನೂ ಕೂಡಿಸಿ ಮಣಿಕಟ್ಟನ್ನು ತುಸು ಬಾಗಿಸಿದರೆ ನಿಮ್ಮ ಕೈಯಲ್ಲಿ ಇದೆಯೋ ಇಲ್ಲವೋ ಎಂಬುದು ನಿಮಗೇ ಕಾಣುತ್ತದೆ.

ಆಪರೇಷನ್ ಆದ ಮೇಲೆ

ರಾತ್ರಿಯ ನೋವು ಬಹುತೇಕರಿಗೆ ಕೆಲವೇ ದಿನಗಳಲ್ಲಿ ಮಾಯವಾಗುತ್ತದೆ. "ಎಷ್ಟೋ ವರ್ಷಗಳ ನಂತರ ನಿದ್ದೆ ಮಾಡಿದೆ" ಎನ್ನುವವರು ಅನೇಕರು. ಸದಾ ಇದ್ದ ಮರಗಟ್ಟುವಿಕೆ ಇಳಿಯಲು ತಿಂಗಳುಗಳು ಬೇಕು. ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಹಿಡಿತದ ಬಲ ಮೊದಲಿಗೆ ಕುಗ್ಗಿ, ಎರಡು ಮೂರು ತಿಂಗಳಲ್ಲಿ ಮರಳುತ್ತದೆ.

ಗಾಯದ ಎರಡೂ ಪಕ್ಕದಲ್ಲಿ, ಅಂಗೈ ಬುಡದ ಉಬ್ಬುಗಳಲ್ಲಿ ಬರುವ ನೋವಿಗೆ ವೈದ್ಯರು ಪಿಲ್ಲರ್ ಪೇನ್ ಎನ್ನುತ್ತಾರೆ. ರೊಟ್ಟಿ ತಟ್ಟುವಾಗ, ಚಪಾತಿ ಹಿಟ್ಟು ನಾದುವಾಗ, ದ್ವಿಚಕ್ರ ವಾಹನದ ಹ್ಯಾಂಡಲ್ ಒತ್ತಿ ಹಿಡಿಯುವಾಗ ಇದು ಕಾಡುತ್ತದೆ. ಕೆಲವು ತಿಂಗಳಲ್ಲಿ ತಾನಾಗಿ ಇಳಿಯುತ್ತದೆ. ಇದು ಎಂಡೋಸ್ಕೋಪಿಯಲ್ಲಿಯೂ ತಪ್ಪಿದ್ದಲ್ಲ.

ಬೆರಳುಗಳನ್ನು ಮೊದಲ ದಿನದಿಂದಲೇ ಮಡಿಸಿ ಬಿಚ್ಚಬೇಕು. ಕೈಯನ್ನು ಎದೆಗಿಂತ ಎತ್ತರದಲ್ಲಿ ಇಟ್ಟುಕೊಂಡರೆ ಬಾವು ಕಡಿಮೆ. ವಾರಗಟ್ಟಲೆ ಪಟ್ಟಿ ಬಿಗಿದು ಕೈಯನ್ನು ಅಲುಗಾಡದಂತೆ ಇಡುವ ಹಳೆಯ ಪದ್ಧತಿಯಿಂದ ಪ್ರಯೋಜನವಿಲ್ಲ. ಹೊಲಿಗೆ ಬಿಚ್ಚುವುದು ಹತ್ತರಿಂದ ಹದಿನಾಲ್ಕು ದಿನಗಳಲ್ಲಿ. ಅಲ್ಲಿಯವರೆಗೆ ಗಾಯ ನೀರು ಕಾಣಬಾರದು. ಬಲಗೈಯಾದರೆ ಅನ್ನ ಸಾರು ಕಲಸಿ ಉಣ್ಣುವುದನ್ನು ಬಿಟ್ಟು ಚಮಚ ಹಿಡಿಯಬೇಕು. ಕೇಳಲು ಸಣ್ಣ ವಿಷಯ. ಆದರೆ ಎರಡೂ ಕೈಗಳಿಗೆ ಒಂದೇ ದಿನ ಮಾಡಿಸಿಕೊಳ್ಳಲು ಹೊರಡುವವರು ಊಟ, ಸ್ನಾನ, ಶೌಚದ ಬಗೆಗೆ ಮೊದಲೇ ಯೋಚಿಸಬೇಕು. ಮನೆಯಲ್ಲಿ ನೆರವಿಗೆ ಜನರಿದ್ದರೆ ಒಂದೇ ರಜೆಯಲ್ಲಿ ಎರಡೂ ಮುಗಿಯುತ್ತವೆ. ಇಲ್ಲವಾದರೆ ಹೆಚ್ಚು ಕೆಟ್ಟಿರುವ ಕೈ ಮೊದಲು, ಇನ್ನೊಂದು ಕೆಲವು ವಾರಗಳ ನಂತರ.

ಕಚೇರಿ ಕೆಲಸಕ್ಕೆ ಒಂದೆರಡು ವಾರದಲ್ಲಿ ಮರಳಬಹುದು. ಭಾರ ಎತ್ತುವ, ಕೊಡಲಿ ಹಿಡಿಯುವ ಕೆಲಸಕ್ಕೆ ಆರು ವಾರ ಅಥವಾ ಹೆಚ್ಚು ಬೇಕಾದೀತು. ಗಾಯ ಕೆಂಪಾಗಿ ಬಿಸಿಯಾದರೆ, ಕೀವು ಕಂಡರೆ, ಹೆಬ್ಬೆರಳು ದಿಢೀರನೆ ಶಕ್ತಿಗುಂದಿದರೆ ಕಾಯುವಂತಿಲ್ಲ. ಇಡೀ ಕೈ ಊದಿ, ಮುಟ್ಟಿದರೂ ಸಹಿಸಲಾಗದ ನೋವು ಬಂದು, ಬೆರಳುಗಳು ಸೆಟೆದುಕೊಳ್ಳತೊಡಗಿದರೂ ಅಷ್ಟೇ.

ಗುಣವಾಗದಿದ್ದರೆ

ಜೋಮು ಒಂದು ದಿನವೂ ಇಳಿಯದಿದ್ದರೆ ಎರಡು ಸಾಧ್ಯತೆ: ನಾರುಪಟ್ಟಿಯ ಒಂದು ತುದಿ ಸೀಳದೆ ಉಳಿದಿದೆ, ಅಥವಾ ರೋಗನಿರ್ಣಯವೇ ತಪ್ಪಿದೆ. ಕೆಲವು ತಿಂಗಳು, ವರ್ಷ ಚೆನ್ನಾಗಿದ್ದು ಮತ್ತೆ ಬಂದರೆ ಒಳಗಿನ ಕಲೆ ನರಕ್ಕೆ ಅಂಟಿರಬಹುದು. ಮರುಶಸ್ತ್ರಚಿಕಿತ್ಸೆ ಮೊದಲಿನದರಷ್ಟು ಸುಲಭವಲ್ಲ. ಅದನ್ನು ಯಾವಾಗಲೂ ತೆರೆದೇ ಮಾಡಬೇಕು. ನರ ಮತ್ತೆ ಅಂಟದಂತೆ ಕಿರುಬೆರಳಿನ ಬುಡದ ಕೊಬ್ಬಿನ ತುಣುಕನ್ನು ತಿರುಗಿಸಿ ಹೊದಿಸುವುದುಂಟು. ಇದಕ್ಕೆ ಕೈಯ ಶಸ್ತ್ರಚಿಕಿತ್ಸೆಯಲ್ಲೇ ಪರಿಣತರಾದವರನ್ನು ಹುಡುಕುವುದು ಲೇಸು.

ಮಧುಮೇಹಿಗಳು ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು ಭಾವಿಸುವುದುಂಟು. ತಪ್ಪು. ನರದೌರ್ಬಲ್ಯದ ಪಾಲು ಉಳಿದರೂ ಒತ್ತಡದ ಪಾಲು ಇಳಿಯುತ್ತದೆ. ಸಕ್ಕರೆ ಹತೋಟಿಯಲ್ಲಿದ್ದರೆ ಸೋಂಕಿನ ಭಯವೂ ಕಡಿಮೆ. ಸ್ಟಿರಾಯ್ಡ್ ಚುಚ್ಚುಮದ್ದಿನ ನಂತರ ಕೆಲವು ದಿನ ರಕ್ತದ ಸಕ್ಕರೆ ಏರುವುದನ್ನು ಮಾತ್ರ ಅವರು ಗಮನದಲ್ಲಿಡಬೇಕು.

ವೈದ್ಯರನ್ನು ಕೇಳಬೇಕಾದದ್ದು ಹೆಚ್ಚಿಲ್ಲ. ವರ್ಷಕ್ಕೆ ಎಷ್ಟು ಕೈಗಳಿಗೆ ಮಾಡುತ್ತೀರಿ? ಈ ವಿಧಾನವನ್ನೇ ನನಗೆ ಏಕೆ ಹೇಳುತ್ತೀರಿ? ಸ್ಥಳೀಯ ಅರಿವಳಿಕೆ ಸಾಕೇ? ಎಂಡೋಸ್ಕೋಪಿಯ ಬಿಸಾಡುವ ಅಲಗಿನ ದರ ಅಂದಾಜಿನಲ್ಲಿ ಸೇರಿದೆಯೇ? ವಿಮೆ ಇದ್ದವರು, ಆಯುಷ್ಮಾನ್ ಕಾರ್ಡ್ ಇದ್ದವರು ಒಂದೇ ದಿನದಲ್ಲಿ ಮನೆಗೆ ಕಳುಹಿಸುವ ಚಿಕಿತ್ಸೆಗೆ ಅದು ಅನ್ವಯಿಸುತ್ತದೆಯೇ ಎಂಬುದನ್ನು ದಾಖಲಾಗುವ ಮುನ್ನವೇ ಬರಹದಲ್ಲಿ ಪಡೆಯಬೇಕು.

ಇನ್ನೊಂದು ಸಂಗತಿಯನ್ನು ಹಿರಿಯ ಪುರುಷರ ಮನೆಯವರು ತಿಳಿದಿರಬೇಕು. ಅರವತ್ತು ದಾಟಿದವರಲ್ಲಿ, ಎರಡೂ ಕೈಗಳಲ್ಲಿ, ಬೇರೆ ಕಾರಣ ಕಾಣದೆ ಈ ರೋಗ ಬಂದರೆ ಅದು ಅಮಿಲಾಯ್ಡ್ ಎಂಬ ಪ್ರೋಟೀನು ದೇಹದಲ್ಲಿ ಶೇಖರವಾಗುತ್ತಿರುವ ಸೂಚನೆಯಾಗಿರಬಹುದು. ಇದೇ ಪ್ರೋಟೀನು ಮುಂದೆ ಹೃದಯದ ಗೋಡೆಯಲ್ಲಿ ಕೂಡಿಕೊಂಡು ಹೃದಯವೈಫಲ್ಯ ತರಬಲ್ಲದು. ಕೈಯ ಲಕ್ಷಣ ಅದಕ್ಕಿಂತ ಹಲವು ವರ್ಷ ಮುಂಚೆ ಕಾಣಿಸಿಕೊಳ್ಳುತ್ತದೆ. ರೋಗದ ಓಟವನ್ನು ನಿಧಾನಗೊಳಿಸುವ ಔಷಧಗಳು ಈಗ ಇವೆ. ಬೇಗ ಪತ್ತೆಯಾದಷ್ಟೂ ಅವುಗಳ ಫಲ ಹೆಚ್ಚು. ಇಂಥವರಲ್ಲಿ ತೆರೆದ ಶಸ್ತ್ರಚಿಕಿತ್ಸೆಗೆ ಒಂದು ಹೆಚ್ಚುವರಿ ಅನುಕೂಲವಿದೆ: ಪಟ್ಟಿಯನ್ನು ಸೀಳುವಾಗಲೇ ರಜ್ಜುವಿನ ಹೊದಿಕೆಯ ಚೂರೊಂದನ್ನು ತೆಗೆದು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಅದಕ್ಕೆ ಬೇರೆ ಗಾಯ ಬೇಡ, ತಗಲುವ ಸಮಯ ಒಂದೆರಡು ನಿಮಿಷ. ಕೇಳಿದರೆ ಮಾತ್ರ ಮಾಡುವ ಕಡೆಗಳೇ ಹೆಚ್ಚಿರುವುದರಿಂದ ಶಸ್ತ್ರಚಿಕಿತ್ಸೆಯ ಹಿಂದಿನ ದಿನವೇ ಕೇಳಿಡುವುದು ಒಳ್ಳೆಯದು.